ಶಂಟ್ ಹಾಕಿಸಿಕೊಂಡ ಮೇಲೆ ತೂಕ ಏರುವುದಕ್ಕೆ ಶಂಟೇ ಕಾರಣವೇ?

ತಲೆಬುರುಡೆಯೊಳಗಿನ ಒತ್ತಡ ಇಳಿಸಲು ಐದು ತಿಂಗಳ ಹಿಂದೆ ವಿಪಿ ಶಂಟ್ (ಮಿದುಳಿನ ದ್ರವವನ್ನು ಹೊಟ್ಟೆಯ ಪೊಳ್ಳಿಗೆ ಹರಿಸುವ, ಚರ್ಮದಡಿಯ ಕೊಳವೆ) ಹಾಕಿಸಿಕೊಂಡಿರಿ, ಅಲ್ಲಿಂದೀಚೆಗೆ ಏಳು ಕಿಲೋ ಹೆಚ್ಚಾಗಿದೆ, ಇದು ಶಂಟಿನಿಂದಲೇ ಆದದ್ದೇ ಎಂದು ಕೇಳಿದ್ದೀರಿ. ಗೆಡ್ಡೆಯಾಗಲಿ ಸೋಂಕಾಗಲಿ ಇಲ್ಲದೆ ಒತ್ತಡ ಏರುವ ಇದೇ ಕಾಯಿಲೆಗೆ, ಅಂದರೆ ಇಡಿಯೋಪಥಿಕ್ ಇಂಟ್ರಾಕ್ರೇನಿಯಲ್ ಹೈಪರ್‌ಟೆನ್ಶನ್‌ಗೆ, ನನಗೂ ಶಂಟ್ ಹಾಕಲಾಗಿದೆ. ಮೊದಲ ಎಂಟು ತಿಂಗಳಲ್ಲಿ ನಾನು ಒಂಬತ್ತು ಕಿಲೋ ಏರಿದ್ದೆ. ನಾನು ವೈದ್ಯೆಯಲ್ಲ, ಅನುಭವಿಸಿದ್ದನ್ನೂ ವೈದ್ಯರನ್ನು ಕೇಳಿ ತಿಳಿದದ್ದನ್ನೂ ಬರೆಯುತ್ತಿದ್ದೇನೆ.

ಶಂಟ್ ತಾನಾಗಿ ಕೊಬ್ಬು ಬೆಳೆಸುವುದಿಲ್ಲ. ಮಿದುಳಿನ ಸುತ್ತಲಿನ ದ್ರವ ದಿನಕ್ಕೆ ಸುಮಾರು ಅರ್ಧ ಲೀಟರ್ ಉತ್ಪತ್ತಿಯಾಗುತ್ತದೆ, ಯಾವುದೇ ಹೊತ್ತಿನಲ್ಲಿ ಒಳಗಿರುವುದು ಸುಮಾರು 150 ಮಿಲಿಲೀಟರ್ ಮಾತ್ರ; ಮಾಮೂಲಿಯಾಗಿ ರಕ್ತಕ್ಕೆ ಸೇರಿಹೋಗುವ ಈ ದ್ರವದ ಒಂದು ಪಾಲನ್ನು ಶಂಟ್ ಹೊಟ್ಟೆಯ ಪೊಳ್ಳಿಗೆ ಹರಿಸುತ್ತದೆ, ಅದು ಅಲ್ಲಿಂದ ರಕ್ತಕ್ಕೇ ಸೇರುತ್ತದೆ.

ನನ್ನ ವಿಷಯದಲ್ಲಿ ತೂಕ ಏರಿಸಿದ್ದು ಮಾತ್ರೆ ನಿಂತದ್ದು. ಶಸ್ತ್ರಚಿಕಿತ್ಸೆಗೆ ಮೊದಲು ಒಂದು ವರ್ಷ, ಈ ದ್ರವದ ಉತ್ಪತ್ತಿ ತಗ್ಗಿಸುವ ಅಸೆಟಝೋಲಮೈಡ್ ಮಾತ್ರೆ ನುಂಗುತ್ತಿದ್ದೆ. ಬೆರಳ ತುದಿಗಳು ಜುಮುಗುಡುತ್ತಿದ್ದವು, ಸೋಡಾ ಬಾಯಿಗಿಟ್ಟರೆ ತುಕ್ಕು ನೆಕ್ಕಿದಂತಾಗುತ್ತಿತ್ತು, ಊಟದ ಮೇಲೆ ಮನಸ್ಸೇ ಇರುತ್ತಿರಲಿಲ್ಲ. 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಪರೀಕ್ಷೆಯಲ್ಲಿ, ಎರಡೂ ಗುಂಪಿಗೆ ಪಥ್ಯ ಒಂದೇ ಆಗಿದ್ದರೂ, ಈ ಔಷಧ ಪಡೆದವರು ಆರು ತಿಂಗಳಲ್ಲಿ ಸರಾಸರಿ 7.5 ಕಿಲೋ ಇಳಿದರೆ ಹುಸಿ ಮಾತ್ರೆಯವರು 3.45 ಕಿಲೋ ಇಳಿದರು. ಇದೇ ಕಾಯಿಲೆಗೆ ಕೊಡುವ ಇನ್ನೊಂದು ಮಾತ್ರೆ ಟೋಪಿರಮೇಟ್ ಕೂಡ ಹಸಿವನ್ನು ಕುಗ್ಗಿಸುತ್ತದೆ. ಶಂಟ್ ಆದ ಮೇಲೆ ನನ್ನ ಮಾತ್ರೆ ನಿಂತಿತು, ವಾಕರಿಕೆಯೂ ತಲೆನೋವೂ ತಗ್ಗಿದವು, ಒಂದು ವರ್ಷ ಅದುಮಿಟ್ಟಿದ್ದ ಹಸಿವು ಒಟ್ಟಿಗೇ ಎದ್ದು ಬಂತು. ಅದರ ಜೊತೆಗೆ ವಾರಗಟ್ಟಲೆ ವಿಶ್ರಾಂತಿ.

ಆದರೂ ತೂಕವನ್ನು ಕಡೆಗಣಿಸಬೇಡಿ ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ಶಂಟ್ ಒತ್ತಡ ಇಳಿಸಿ ಕಣ್ಣಿನ ನರವನ್ನು ಕಾಯುತ್ತದೆಯೇ ಹೊರತು ಕಾಯಿಲೆಯ ಬೇರನ್ನು ಕೀಳುವುದಿಲ್ಲ. ತೂಕ ಏರಿ ಹೊಟ್ಟೆಯೊಳಗಿನ ಒತ್ತಡ ಹೆಚ್ಚಿದಷ್ಟೂ ಅಲ್ಲಿಗೆ ಹರಿಯಬೇಕಾದ ದ್ರವಕ್ಕೆ ತಡೆಯಾಗುತ್ತದೆ. ಒಂಬತ್ತನೆಯ ತಿಂಗಳಲ್ಲಿ ಒಂದು ರಾತ್ರಿ ದಿಂಬಿಗೆ ಕಿವಿಯಾನಿಸಿ ಮಲಗಿದಾಗ ನಾಡಿಯ ತಾಳಕ್ಕೆ ಸರಿಯಾಗಿ ಸುಯ್ ಸುಯ್ ಎಂಬ ಹಳೆಯ ಸದ್ದು ಮತ್ತೆ ಕೇಳಿಸಿತು. ದ್ರವದ ಹರಿವನ್ನು ಹತೋಟಿಯಲ್ಲಿಡುವ ಶಂಟಿನ ಕವಾಟ ಕಿವಿಯ ಹಿಂದೆ ಇದೆ; ಅದರ ಉಬ್ಬನ್ನು ಸವರುತ್ತ ಬೆಳಗಿನವರೆಗೂ ಎಚ್ಚರವಾಗಿಯೇ ಇದ್ದೆ. ಪರೀಕ್ಷೆಯಲ್ಲಿ ದೃಷ್ಟಿನರದ ತುದಿ ಮತ್ತೆ ಬಾತಿರುವುದು ಕಂಡಿತು. ಕವಾಟದ ಮಟ್ಟವನ್ನು ಬದಲಿಸಿದರು, ಆಹಾರತಜ್ಞರ ಬಳಿಗೂ ಕಳಿಸಿದರು.

ಈ ಕಾಯಿಲೆ ಶಮನವಾಗಲು ದೇಹತೂಕದ ಶೇಕಡಾ 15ರವರೆಗೂ ಇಳಿಸಬೇಕಾಗಬಹುದು ಎಂದು ತಜ್ಞರ ಮಾರ್ಗಸೂಚಿ ಹೇಳುತ್ತದೆ: 80 ಕಿಲೋ ಇರುವವರಿಗೆ 12 ಕಿಲೋ. ಇದು ಬರಿಯ ಮನೋಬಲದ ಮಾತಲ್ಲ, ಆಗದಿದ್ದರೆ ದಯವಿಟ್ಟು ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಒತ್ತಡ, ತೂಕ ನಿರ್ವಹಣಾ ಕಾರ್ಯಕ್ರಮಕ್ಕೆ ಸೇರಿದವರಿಗಿಂತ ಹೆಚ್ಚು ಇಳಿದಿತ್ತು, ಎರಡು ವರ್ಷದ ನಂತರವೂ ಆ ಅಂತರ ಉಳಿದಿತ್ತು. ಹಾಗಾಗಿ ಆ ದಾರಿಯ ಬಗ್ಗೆ ಕೇಳಲು ಸಂಕೋಚಪಡಬೇಡಿ.

ತೂಕ ತಿಂಗಳುಗಳಲ್ಲಿ ಏರದೆ ಕೆಲವೇ ದಿನಗಳಲ್ಲಿ ಏರಿ, ಹೊಟ್ಟೆ ಉಬ್ಬಿ ನೋಯುತ್ತಿದ್ದರೆ ವಿಷಯವೇ ಬೇರೆ. ಶಂಟಿನ ತುದಿಯಲ್ಲಿ ದ್ರವ ಚೀಲಗಟ್ಟಿ ನಿಂತಿರಬಹುದು, ತಡಮಾಡದೆ ತೋರಿಸಬೇಕು. ಎದ್ದು ನಿಂತಾಗ ಕ್ಷಣಕಾಲ ಕಣ್ಣು ಕತ್ತಲಾಗುತ್ತಿದ್ದರೂ ಹಾಗೆಯೇ ತಡಮಾಡದೆ ತೋರಿಸಬೇಕು. ಇವೆರಡೂ ಇಲ್ಲದಿದ್ದರೆ, ಮಾತ್ರೆ ನಿಂತ ದಿನಾಂಕವನ್ನೂ ವಾರವಾರದ ತೂಕವನ್ನೂ ಒಂದೇ ಹಾಳೆಯಲ್ಲಿ ಬರೆದು, ಮುಂದಿನ ಭೇಟಿಗೆ ಕೊಂಡೊಯ್ಯಿರಿ.