ಡಾಕ್ಟರ್ ಊಟ ಬರೆದುಕೊಟ್ಟರೆ ಶುಗರ್ ಇಳಿಯುತ್ತಾ?

ಮಾತ್ರೆ ಬಿಟ್ಟು ಡಾಕ್ಟರ್ ಬರೆದುಕೊಟ್ಟ ಊಟದಿಂದಲೇ ಶುಗರ್ ಹತೋಟಿಗೆ ಬರುತ್ತಾ ಅಂತ ಕೇಳಿದ್ದೀರಿ. ನನಗೆ ಮಾತ್ರೆ ಪೂರ್ತಿ ಬಿಟ್ಟಿಲ್ಲ, ಕಮ್ಮಿಯಾಗಿದೆ. ದಾವಣಗೆರೆಯಲ್ಲಿ ಅಂಗಡಿ ನನ್ನದು, ದಿನವಿಡೀ ಕೂತೇ ಇರುತ್ತೇನೆ.

ಮೊದಲು ತೋರಿಸಿದ ಕಡೆ ಅಚ್ಚು ಹಾಕಿದ ಹಾಳೆ ಕೊಟ್ಟರು. ಓಟ್ಸ್, ಬ್ರೊಕೊಲಿ, ಆಲಿವ್ ಎಣ್ಣೆ. ಪಕ್ಕದಲ್ಲೇ ಚಳ್ಳಕೆರೆಯ ಶೇಂಗಾ ಎಣ್ಣೆ ಇರುವಾಗ ಇದೇನಪ್ಪಾ! ನಮ್ಮ ಮನೆಯವಳು ಅದನ್ನು ಫ್ರಿಜ್ ಮೇಲಿಟ್ಟಳು, ಅಲ್ಲೇ ಧೂಳು ಹಿಡಿಯಿತು.

ಆಮೇಲೆ ಸಿಕ್ಕ ಡಾಕ್ಟರ್ ಚೀಟಿ ಬರೆಯುವ ಮೊದಲು ನಿನ್ನೆ ಏನೇನು ತಿಂದಿರಿ ಅಂತ ಕೇಳಿದರು. ಎಲ್ಲಾ ಹೇಳಿದೆ. 'ದಾವಣಗೆರೆಯವರಾಗಿ ಮಂಡಕ್ಕಿ ಹೇಳಲೇ ಇಲ್ಲವಲ್ಲ?' ಅಂದರು. ಅದೂ ಊಟದ ಲೆಕ್ಕಕ್ಕೆ ಬರುತ್ತೆ ಅಂತ ನನಗೆ ಹೊಳೆದೇ ಇರಲಿಲ್ಲ. ಮನೆಯ ಶುಗರ್ ಮಿಷನ್‌ನಲ್ಲಿ ನೋಡಿ ಅಂದರು. ಸಂಜೆ ಮಂಡಕ್ಕಿ, ಎರಡು ಮೆಣಸಿನಕಾಯಿ ಬಜ್ಜಿ ತಿನ್ನುವ ಮೊದಲು ಶುಗರ್ 142, ಎರಡು ಗಂಟೆ ಆದಮೇಲೆ 251. ಮಂಡಕ್ಕಿ ಕೈಗೆ ಹಗುರ ಅಷ್ಟೇ, ಇರೋದು ಅಕ್ಕಿಯೇ. ಅರಳಿರುವುದರಿಂದ ಬೇಗ ಜೀರ್ಣವಾಗಿ ಶುಗರ್ ಸರ್ರನೆ ಏರುತ್ತದೆ.

ಚೀಟಿಯಲ್ಲಿ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಕೆಳಗೇ ಬರೆದರು: ಮಧ್ಯಾಹ್ನ ಜೋಳದ ರೊಟ್ಟಿ 2, ಅರ್ಧ ತಟ್ಟೆ ಪಲ್ಯ, ಮೊಳಕೆ ಹೆಸರುಕಾಳು. ಸಂಜೆ ಒಂದು ಹಿಡಿ ಹುರಿದ ಶೇಂಗಾ. ಬೆಣ್ಣೆ ದೋಸೆ ತಿಂಗಳಿಗೆ 1. ದೋಸೆಗೂ ಡೋಸ್ ಅಂತ ಮನೆಯಲ್ಲಿ ಇನ್ನೂ ನಗುತ್ತಾರೆ.

ನಡುವೆ ನಾನೇ ಒಂದು ಎಡವಟ್ಟು ಮಾಡಿಕೊಂಡೆ. ಸಿರಿಧಾನ್ಯ ಒಳ್ಳೇದು ಅಂತ ನವಣೆ ಅನ್ನ ಮೂರು ಸಲ ಬಡಿಸಿಕೊಂಡು ತಿಂದೆ. ಶುಗರ್ ಇಳಿಯಲಿಲ್ಲ. ನಾರು ಜಾಸ್ತಿ ಇದ್ದರೂ ಅದೂ ಧಾನ್ಯವೇ, ಅಳತೆ ಬೇಕೇ ಬೇಕು. ಮುದ್ದೆಗೂ ಇದೇ ಮಾತು.

ಒಂಬತ್ತು ತಿಂಗಳಲ್ಲಿ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಶುಗರ್, 8.4ರಿಂದ 6.8ಕ್ಕೆ ಬಂತು. ಆಗ ಡಾಕ್ಟರೇ ಮಾತ್ರೆ ಅರ್ಧ ಮಾಡಿದರು. ಆದರೆ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಅಂಚಿನಲ್ಲಿ ಇದ್ದಾರೆ ಅನ್ನುವವರಿಗೆ ಊಟದಿಂದ ಲಾಭ ಜಾಸ್ತಿ. ಅಮೆರಿಕದಲ್ಲಿ ಅಂಥ 3,000ಕ್ಕೂ ಹೆಚ್ಚು ಜನರನ್ನು ನೋಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಊಟ ಬದಲಿಸಿ, ತೂಕ ಇಳಿಸಿ, ವಾರಕ್ಕೆ 150 ನಿಮಿಷ ನಡೆದಂಥ ವ್ಯಾಯಾಮ ಮಾಡಿದವರಲ್ಲಿ ಸಕ್ಕರೆ ಕಾಯಿಲೆ ಬರುವುದು 58% ಕಮ್ಮಿಯಾಯಿತು, ಬರೀ ಮೆಟ್‌ಫಾರ್ಮಿನ್ ನುಂಗಿದವರಲ್ಲಿ 31%. ನನ್ನ ತಮ್ಮನ ಎಚ್‌ಬಿಎ1ಸಿ 6.1 ಬಂದಿದೆ, ಅವನೂ ಅಂಚಿನಲ್ಲೇ ಇದ್ದಾನೆ. ಈಗ ದಿನಾ ಬೆಳಿಗ್ಗೆ ಅವನನ್ನು ಎಬ್ಬಿಸಿ ವಾಕಿಂಗ್‌ಗೆ ಎಳೆದುಕೊಂಡು ಹೋಗೋದು ನನ್ನ ಕೆಲಸ.

ನಿಮ್ಮದು ಎಷ್ಟು ಬಂದಿದೆ? ಸಂಜೆ ಏನು ತಿಂತೀರಿ?