ನರ್ಸಿಂಗ್ ವೃತ್ತಿ ಆರಿಸಿಕೊಂಡರೆ ಏನು ಲಾಭ?

ಓದು ಮುಗಿಸಿದವರಿಗೆ ಕೆಲಸದ ಅವಕಾಶ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿ ಪ್ರಕಾರ ಜಗತ್ತಿನಲ್ಲಿ ಸುಮಾರು 59 ಲಕ್ಷ ನರ್ಸ್‌ಗಳ ಕೊರತೆ ಇತ್ತು. ಹೊರದೇಶಕ್ಕೆ ಹೋಗುವುದಾದರೆ ಅಲ್ಲಿನ ನೋಂದಣಿ ಮಾಡಿಸಬೇಕು, ಹಲವು ಕಡೆ ಭಾಷಾ ಪರೀಕ್ಷೆಯೂ ಇರುತ್ತದೆ.

ಆದರೆ ನನಗೆ ದೊಡ್ಡದು ಅನಿಸುವುದು ಬೇರೆ. ಡಾಕ್ಟರು ರೌಂಡ್ಸ್ ಮುಗಿಸಿ ಹೋದ ಮೇಲೆ ರೋಗಿಯ ಪಕ್ಕ ಇರುವವರು ನರ್ಸ್. ಆಪರೇಷನ್ ಆದವರ ನಾಡಿ ಏರುತ್ತಿದೆ, ಬಿಪಿ ಇಳಿಯುತ್ತಿದೆ ಎಂದರೆ ಒಳಗೆಲ್ಲೋ ರಕ್ತಸ್ರಾವ ಆಗುತ್ತಿರಬಹುದು. ಎಷ್ಟೋ ಸಲ ಅದನ್ನು ಮೊದಲು ಗುರುತಿಸಿ ಡಾಕ್ಟರನ್ನು ಕರೆಸುವವರು ಅವರೇ. ಇಂಥ ತೃಪ್ತಿ ಬೇರೆ ಕೆಲಸದಲ್ಲಿ ಅಪರೂಪ.

ಐಸಿಯು, ಆಪರೇಷನ್ ಥಿಯೇಟರ್, ಮಕ್ಕಳ ವಾರ್ಡ್, ಬೋಧನೆ ಎಂದು ವಿಭಾಗ ಬದಲಿಸಿಕೊಳ್ಳಲೂ ದಾರಿಯಿದೆ. ನೈಟ್ ಡ್ಯೂಟಿ ಮೈ ಹಣ್ಣು ಮಾಡುತ್ತದೆ ನಿಜ, ಅದು ನಿಮಗೆ ಒಗ್ಗೀತೇ ಎಂದು ಯೋಚಿಸಿಯೇ ಸೇರಿ.