ಸ್ಥೈರ್ಯ ಯಾವುದು, ಹಠ ಯಾವುದು?

ಪ್ರಶ್ನೆ: ಹಲವು ವರ್ಷ ಗಟ್ಟಿಯಾಗಿ ಸಮರ್ಥಿಸುತ್ತ ಬಂದಿದ್ದ ಒಂದು ಅಭಿಪ್ರಾಯವನ್ನು ನಾನು ಈಚೆಗೆ ಕೈಬಿಟ್ಟೆ. ನನಗೆ ಸ್ಥೈರ್ಯವಿಲ್ಲವೆಂದು ಆಪ್ತರೇ ಹೇಳುತ್ತಿದ್ದಾರೆ. ಸ್ಥೈರ್ಯವೆಂದರೆ ಹಿಡಿದದ್ದನ್ನು ಕೊನೆಯವರೆಗೂ ಬಿಡದಿರುವುದೇ?

ಉತ್ತರ: ಸ್ಥಿರ, ಸ್ಥೈರ್ಯ, ನಿಷ್ಠೆ ಎಂಬ ಮೂರೂ ಮಾತುಗಳು ‘ಸ್ಥಾ’, ಅಂದರೆ ನಿಲ್ಲು, ಎಂಬ ಸಂಸ್ಕೃತ ಧಾತುವಿನಿಂದ ಹುಟ್ಟಿದವು. ಇವುಗಳಲ್ಲಿ ನಿಷ್ಠೆ ಎಂಬ ಪದವನ್ನು ಆಡಿದೊಡನೆ ‘ಯಾವುದರಲ್ಲಿ?’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಸ್ಥೈರ್ಯವನ್ನು ಅಳೆಯುವಾಗಲೂ ಅದನ್ನೇ ಕೇಳಬೇಕು. ಹಠಕ್ಕಾದರೋ, ತಾನು ಒಮ್ಮೆ ಹೇಳಿಬಿಟ್ಟೆ ಎಂಬುದೊಂದೇ ಆಧಾರ ಸಾಕು.

ಖಗೋಳವಿಜ್ಞಾನಿ ಕೆಪ್ಲರ್ ಮಂಗಳ ಗ್ರಹದ ಪಥವನ್ನು ಲೆಕ್ಕಹಾಕಲು ವರ್ಷಗಟ್ಟಲೆ ದುಡಿದನು. ಗ್ರಹಗಳ ಚಲನೆ ವೃತ್ತಗಳಿಂದಲೇ ಆದದ್ದು ಎಂಬ ಪ್ರಾಚೀನ ನಂಬಿಕೆಯನ್ನು ಅನುಸರಿಸಿ ಅವನು ಕಟ್ಟಿದ ಲೆಕ್ಕಕ್ಕೂ, ಖಗೋಳವೀಕ್ಷಕ ಟೈಕೊ ಬ್ರಾಹೆ ಬರೆದಿಟ್ಟಿದ್ದ ವೀಕ್ಷಣೆಗಳಿಗೂ ಒಂದು ಡಿಗ್ರಿಯ 60 ಭಾಗಗಳಲ್ಲಿ 8 ಭಾಗದಷ್ಟು, ಎಂದರೆ ಹುಣ್ಣಿಮೆಯ ಚಂದ್ರನ ಅಗಲದ ಸುಮಾರು ಕಾಲು ಭಾಗದಷ್ಟು, ವ್ಯತ್ಯಾಸ ಉಳಿಯಿತು. ವೀಕ್ಷಣೆಯೇ ತಪ್ಪಿರಬೇಕೆಂದು ಹೇಳಿ ತನ್ನ ದುಡಿಮೆಯನ್ನು ಉಳಿಸಿಕೊಳ್ಳುವುದು ಸುಲಭವಿತ್ತು. ಟೈಕೊ ಅಷ್ಟು ತಪ್ಪುವವನಲ್ಲವೆಂದು ಬಲ್ಲ ಕೆಪ್ಲರ್ ಆ ಲೆಕ್ಕವನ್ನೇ ಬದಿಗಿಟ್ಟು ಮತ್ತೆ ಮೊದಲಿನಿಂದ ಆರಂಭಿಸಿದನು. ಮಂಗಳನ ಪಥ ದೀರ್ಘವೃತ್ತವೆಂದು 1609ರಲ್ಲಿ ಪ್ರಕಟಿಸಿದನು. ಅವನನ್ನು ಚಂಚಲನೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವನು ಬಿಟ್ಟದ್ದು ವೃತ್ತವನ್ನು. ಕಂಡದ್ದಕ್ಕೆ ಬದ್ಧನಾಗಿರುವುದನ್ನು ಒಂದು ದಿನವೂ ಬಿಡಲಿಲ್ಲ.

ಆದರೆ ಕೊಟ್ಟ ಮಾತಿನ ವಿಷಯ ಬೇರೆ, ಇದನ್ನು ಹೇಳದೆ ಬಿಡಲಾರೆ. ಅಭಿಪ್ರಾಯ ನನ್ನೊಬ್ಬನದು, ತಪ್ಪೆಂದು ತಿಳಿದ ದಿನವೇ ಅದನ್ನು ಬಿಡಬಹುದು. ಮಾತು ಕೊಟ್ಟಾಗ ಅದನ್ನು ನಂಬಿ ಇನ್ನೊಬ್ಬರು ತಮ್ಮ ಬದುಕಿನ ಏರ್ಪಾಡು ಮಾಡಿಕೊಂಡಿರುತ್ತಾರೆ; ನನ್ನ ಮನಸ್ಸು ಬದಲಾಯಿತೆಂಬ ಒಂದೇ ಕಾರಣಕ್ಕೆ ಅದರಿಂದ ಹಿಂದೆ ಸರಿಯುವ ಹಕ್ಕು ನನಗಿಲ್ಲ. ಸ್ಥೈರ್ಯದ ನಿಜವಾದ ಕಷ್ಟ ಇರುವುದು ಇಲ್ಲಿ, ಉತ್ಸಾಹ ತಣಿದ ಮೇಲೂ, ನೋಡುವವರು ಯಾರೂ ಇಲ್ಲದಾಗಲೂ, ಒಪ್ಪಿಕೊಂಡದ್ದನ್ನು ದಿನದಿನವೂ ನಡೆಸಿಕೊಂಡು ಹೋಗುವುದರಲ್ಲಿ.

ನೀವು ಬಿಟ್ಟದ್ದು ಅಭಿಪ್ರಾಯವನ್ನು. ಅದನ್ನು ಬಿಡಿಸಿದ್ದು ಹೊಸದಾಗಿ ತಿಳಿದ ಸಂಗತಿಯೋ, ವಾದಿಸಿ ಬಂದ ಆಯಾಸವೋ, ಸುತ್ತಲಿನವರ ಮೆಚ್ಚುಗೆಯೋ ಎಂಬುದು ನಿಮಗೇ ಗೊತ್ತಿರುತ್ತದೆ. ಮೊದಲನೆಯದಾಗಿದ್ದರೆ ಆ ಸಂಗತಿಯನ್ನು ಆಪ್ತರ ಮುಂದಿಟ್ಟು, ಅವರು ನಿಮ್ಮ ಸ್ಥಾನದಲ್ಲಿದ್ದರೆ ಏನು ಮಾಡುತ್ತಿದ್ದರೆಂದು ಕೇಳಿ.